ಕೂಬರ್ ಪೀಡಿಗೆ ಓಪಲ್ ಹುಡುಕಲು ಹೊರಟಿದ್ದೇವೆ: ಹೋದವರು ಹೇಳಿ, ಕೈಗೆ ಏನಾದರೂ ಸಿಗುತ್ತದೆಯೇ?

ಅಡಿಲೇಡಿನ ಅಳಿಯ
ಜುಲೈ ಶಾಲಾ ರಜೆಯಲ್ಲಿ ಕೂಬರ್ ಪೀಡಿಗೆ, ಅಂದರೆ ಓಪಲ್ ಎಂಬ ರತ್ನದ ಗಣಿಗಳಿಗೆ ಹೆಸರಾದ ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿ ಊರಿಗೆ, ಹೋಗುವ ಆಲೋಚನೆ ಇದೆ. ಇಲ್ಲಿಂದ ಉತ್ತರಕ್ಕೆ ಸುಮಾರು 850 ಕಿ.ಮೀ., ಕಾರಿನಲ್ಲೇ ಹೋಗಬೇಕು. ದಾವಣಗೆರೆಯಿಂದ ಮಾವನವರು ಬಂದಿದ್ದಾರೆ. ಸಮುದ್ರ ನೋಡಿ ಆಯಿತು, ಕಾಂಗರೂ ನೋಡಿ ಆಯಿತು. ಈಗ ಯಾವುದೋ ವಿಡಿಯೊದಲ್ಲಿ ಮರುಭೂಮಿಯ ಮಣ್ಣು ಕೆದಕಿ ಬಣ್ಣದ ಕಲ್ಲು ಹೆಕ್ಕುವವರನ್ನು ಕಂಡು, "ಅಲ್ಲಿಗೆ ಕರೆದುಕೊಂಡು ಹೋಗಿ, ಬೇರೇನೂ ಬೇಡ" ಎಂದು ಪಟ್ಟು ಹಿಡಿದಿದ್ದಾರೆ. ಜನವೇ ಇಲ್ಲದ ಜಾಗ, ಸದ್ದಿಲ್ಲ, ಕುಳಿತು ಹುಡುಕುತ್ತಿರಬಹುದು ಎಂಬುದೇ ಅವರಿಗೆ ಹಿಡಿಸಿರುವ ಹುಚ್ಚು.

ನನ್ನ ಪ್ರಶ್ನೆಗಳು: ಹೊರಗಿನವರು ಹುಡುಕಬಹುದೇ, ಅನುಮತಿ ಬೇಕೇ? ಸಿಕ್ಕಿದ್ದು ಓಪಲ್ ಹೌದೋ ಅಲ್ಲವೋ ತಿಳಿಯುವುದು ಹೇಗೆ? ಎಪ್ಪತ್ತು ದಾಟಿದ ಹಿರಿಯರನ್ನೂ ಒಂಬತ್ತು ವರ್ಷದ ಮಗಳನ್ನೂ ಕರೆದುಕೊಂಡು ಹೋಗುವುದು ಸರಿಯೇ? ಹೆಂಡತಿಯ ಅಭಿಪ್ರಾಯ ಕೇಳಬೇಡಿ, ಅದು ಈಗಾಗಲೇ ಸ್ಪಷ್ಟವಾಗಿದೆ.

ಲೆಕ್ಕದ ಮೇಷ್ಟ್ರು
ಹೋಗಿ ಬರಲು 1700 ಕಿ.ಮೀ. ಪೆಟ್ರೋಲು, ರಾತ್ರಿ ತಂಗುವ ಖರ್ಚು, ಊಟ. ಅದೇ ಹಣಕ್ಕೆ ಅಡಿಲೇಡಿನ ಅಂಗಡಿಯಲ್ಲೇ ಚೆನ್ನಾದ ಓಪಲ್ ಉಂಗುರ ಬರುತ್ತದೆ. ಮಾವನವರ ಬೆರಳಿನ ಅಳತೆ ತೆಗೆದುಕೊಳ್ಳಿ, ವಿಷಯ ಮುಗಿಯಿತು.

ಪರ್ತ್ ಪದ್ಮಿನಿ
ಮೇಷ್ಟ್ರೇ, ಮೀನು ಹಿಡಿಯಲು ಹೋಗುವವರಿಗೂ ನೀವು ಮಾರುಕಟ್ಟೆಯ ದಾರಿಯನ್ನೇ ತೋರಿಸುತ್ತೀರಾ?

ಉತ್ತರದ ದಾರಿ
ನಾನು ಆ ಊರಿನಲ್ಲಿ ಕೆಲವು ಕಾಲ ಕೆಲಸಕ್ಕಿದ್ದೆ. ಒಂದೊಂದಾಗಿ ಹೇಳುತ್ತೇನೆ.

ಹುಡುಕಬಹುದು. ಗಣಿಗಾರರು ನೆಲದಿಂದ ಮೇಲೆತ್ತಿ ಸುರಿದ ಮಣ್ಣು, ಊರ ಸುತ್ತ ಬಿಳಿ ಮತ್ತು ನಸುಗೆಂಪು ಬಣ್ಣದ ಸಾವಿರಾರು ಶಂಕುಗಳಾಗಿ ನಿಂತಿದೆ. ಅದನ್ನು ಅಲ್ಲಿಯವರು ಮಲ್ಲಕ್ ಎನ್ನುತ್ತಾರೆ. ಆ ರಾಶಿಯಲ್ಲಿ ಗಣಿಗಾರನ ಕಣ್ಣು ತಪ್ಪಿಸಿಕೊಂಡು ಬಂದ ಚೂರುಗಳನ್ನು ಹೆಕ್ಕುವುದೇ ನೂಡ್ಲಿಂಗ್. ಊರೊಳಗೇ ಸಾರ್ವಜನಿಕರಿಗೆ ಬಿಟ್ಟ ಜಾಗವಿದೆ, ಜ್ಯುವೆಲರ್ಸ್ ಶಾಪ್ ಎಂದು ಹೆಸರು. ಅಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಕೈ, ಚಿಕ್ಕ ಗುದ್ದಲಿ, ಜರಡಿ, ನೀರು ಸಿಂಪಡಿಸುವ ಬಾಟಲಿ ಸಾಕು.

ಆದರೆ ಊರಾಚೆಯ ಗಣಿ ಬಯಲಿನಲ್ಲಿ ಕಂಡ ರಾಶಿಗೆಲ್ಲ ಕೈ ಹಾಕುವಂತಿಲ್ಲ. ನಾಲ್ಕು ಮೂಲೆಗೆ ಗೂಟ ನೆಟ್ಟಿದ್ದರೆ ಅದು ಒಬ್ಬರ ಕ್ಲೇಮು, ಅಂದರೆ ಅಗೆಯುವ ಹಕ್ಕು ಪಡೆದ ತುಂಡು. ಒಡೆಯನ ಒಪ್ಪಿಗೆ ಇಲ್ಲದೆ ಅಲ್ಲಿ ಹೆಕ್ಕುವುದು ಕಳ್ಳತನ. ನೀವೇ ಗೂಟ ನೆಟ್ಟು ಅಗೆಯಬೇಕೆಂದರೆ ಸರ್ಕಾರದಿಂದ ಪರವಾನಗಿ ಪಡೆಯಬೇಕು.

ಇನ್ನು ಮಗಳ ವಿಷಯ. ಊರಾಚೆ ಅವಳ ಕೈ ಬಿಡಬೇಡಿ. ಅಲ್ಲಿ ಲಕ್ಷಗಟ್ಟಲೆ ಬಾವಿಗಳಿವೆ, ಮುಚ್ಚಿರುವುದಿಲ್ಲ. ಸುಮಾರು ಒಂದು ಮೀಟರ್ ಅಗಲ, ಇಪ್ಪತ್ತು ಮೀಟರ್ ಆಳವೂ ಇರಬಹುದು. ಓಡಬೇಡಿ, ಹಿಂದಕ್ಕೆ ಹೆಜ್ಜೆ ಇಡಬೇಡಿ ಎಂದು ಹೆದ್ದಾರಿಯ ಪಕ್ಕದಲ್ಲೇ ಫಲಕ ಹಾಕಿದ್ದಾರೆ. ಕ್ಯಾಮೆರಾ ಹಿಡಿದವನು "ಇನ್ನೂ ಸ್ವಲ್ಪ ಹಿಂದೆ" ಎನ್ನುತ್ತಾನೆ ನೋಡಿ, ಅಂಥವರಿಗಾಗಿಯೇ ಆ ಫಲಕ.

ಕೆಂಡಸಂಪಿಗೆ
ಮುಚ್ಚುವುದಿಲ್ಲವೇ? ಲಕ್ಷಗಟ್ಟಲೆ ಬಾವಿಯನ್ನು ಹಾಗೆಯೇ ಬಿಟ್ಟಿದ್ದಾರೆಯೇ? ನಮ್ಮಲ್ಲಿ ಒಂದು ಕೊಳವೆ ಬಾವಿ ಬಾಯ್ತೆರೆದಿದ್ದರೆ ಎಂಥ ಅನಾಹುತವಾಗುತ್ತದೆ ಎಂದು ನಾವೆಲ್ಲ ನೋಡಿದ್ದೇವೆ.

ಉತ್ತರದ ದಾರಿ
ಹಳೆಯವು ಹಾಗೆಯೇ ಇವೆ. ತುಂಬಿದ ಮಣ್ಣು ಕೆಲವು ವರ್ಷಗಳಲ್ಲಿ ಕುಸಿದು ಹುಸಿ ನೆಲವಾಗುತ್ತದೆ, ಕಾಣುವ ಗುಂಡಿಗಿಂತ ಕಾಣದ ಗುಂಡಿ ಕೆಟ್ಟದ್ದು ಎಂಬುದು ಅಲ್ಲಿಯವರ ವಾದ. ನನಗೂ ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಅಲ್ಲಿ ನಡೆಯುವಾಗ ಜನ ನೆಲ ನೋಡಿಕೊಂಡೇ ನಡೆಯುತ್ತಾರೆ ಎಂಬುದು ನಿಜ.

ಕಲ್ಲುಮರುಳ
ಗುರುತಿಸುವ ಪ್ರಶ್ನೆಗೆ ನನ್ನ ಉತ್ತರ.

ಮೊದಲ ದಿನ ಎಲ್ಲರೂ ಜೇಬು ತುಂಬಿಸಿಕೊಳ್ಳುವುದು ಜಿಪ್ಸಮ್ಮಿನಿಂದ. ಬಿಸಿಲಿಗೆ ಗಾಜಿನಂತೆ ಮಿಂಚುತ್ತದೆ, ಎಲ್ಲೆಂದರಲ್ಲಿ ಬಿದ್ದಿರುತ್ತದೆ. ಉಗುರಿನಿಂದ ಗೀರಿ ನೋಡಿ, ಗೆರೆ ಬಿದ್ದರೆ ಜಿಪ್ಸಮ್. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಓಪಲ್ 5.5ರಿಂದ 6.5, ಉಗುರಿಗೆ ಬಗ್ಗುವುದಿಲ್ಲ.

ಎರಡನೆಯದು ಪಾಚ್. ಇದೂ ಓಪಲ್ಲೇ, ಆದರೆ ಬಣ್ಣದ ಆಟವಿಲ್ಲ. ಬಿಳಿ, ಬೂದು, ಕಪ್ಪು. ಬೆಲೆಯಿಲ್ಲ ಎಂದು ಎಸೆಯಬೇಡಿ. ಪಾಚ್ ಇದ್ದ ರಾಶಿಯಲ್ಲಿ ಬಣ್ಣವಿರುವ ಸಾಧ್ಯತೆ ಹೆಚ್ಚು, ಆ ರಾಶಿಯ ಮುಂದೆ ಕುಳಿತುಕೊಳ್ಳಿ.

ಬಣ್ಣ ಎಲ್ಲಿಂದ ಬರುತ್ತದೆ ಎಂಬುದು ಈ ಕಲ್ಲಿನ ಸೊಗಸು. ಓಪಲ್ ಎಂದರೆ ಸಿಲಿಕಾ ಮತ್ತು ನೀರು. ನೀರು ಸಾಮಾನ್ಯವಾಗಿ ನೂರಕ್ಕೆ 3ರಿಂದ 10 ಪಾಲು. ಒಳಗೆ ಬಣ್ಣ ಎಂಬ ಪದಾರ್ಥವೇ ಇಲ್ಲ. ಬರಿಗಣ್ಣಿಗೆ ಕಾಣದ ಸಿಲಿಕಾ ಗುಂಡುಗಳು, ಸುಮಾರು 150ರಿಂದ 300 ನ್ಯಾನೋಮೀಟರ್ ಗಾತ್ರದವು, ಸಾಲು ಹಿಡಿದು ಜೋಡಣೆಯಾಗಿದ್ದರೆ ನಡುವಿನ ಸಂದುಗಳಲ್ಲಿ ಬೆಳಕು ಒಡೆದು ಬಣ್ಣವಾಗುತ್ತದೆ. ಗುಂಡು ಚಿಕ್ಕದಿದ್ದರೆ ನೀಲಿ, ದೊಡ್ಡದಿದ್ದರೆ ಕೆಂಪು. ಜೋಡಣೆ ಅಸ್ತವ್ಯಸ್ತವಾಗಿದ್ದರೆ ಅದೇ ಪಾಚ್. 1960ರ ದಶಕದಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡುವವರೆಗೆ ಇದರ ಗುಟ್ಟು ಯಾರಿಗೂ ಗೊತ್ತಿರಲಿಲ್ಲ. ದೊಡ್ಡ ಗುಂಡುಗಳು ಒಂದೇ ಗಾತ್ರದಲ್ಲಿ ಬೆಳೆದು ಸಾಲಾಗಿ ಕೂರುವುದು ಅಪರೂಪ, ಆದ್ದರಿಂದ ಕೆಂಪು ಚೆಲ್ಲುವ ಓಪಲ್‌ಗೆ ಬೆಲೆ.

ಹಾಗಾಗಿ ಕಲ್ಲನ್ನು ಒದ್ದೆ ಮಾಡಿ, ಬೆರಳಲ್ಲಿ ತಿರುಗಿಸಿ. ಕೋನ ಬದಲಾದಂತೆ ಬಣ್ಣವೂ ಬದಲಾದರೆ ಅದೇ.

ಅಡಿಲೇಡಿನ ಅಳಿಯ
ಅಬ್ಬಾ, ಇಷ್ಟನ್ನು ಮಾವನವರಿಗೆ ಓದಿ ಹೇಳಿದೆ. "ಹಾಗಾದರೆ ಅದು ಕಲ್ಲಲ್ಲ, ಬೆಳಕು" ಎಂದರು. ನಿವೃತ್ತ ಕನ್ನಡ ಅಧ್ಯಾಪಕರು, ಸಹಿಸಿಕೊಳ್ಳಿ.

ಶುಕ್ರದೆಸೆ
ಓಪಲ್ ಶುಕ್ರನ ರತ್ನ. ವಜ್ರ ಕೊಳ್ಳಲಾಗದವರು ಅದರ ಬದಲು ಧರಿಸುತ್ತಾರೆ. ಶುಕ್ರವಾರ ಬೆಳಿಗ್ಗೆ, ಬೆಳ್ಳಿಯಲ್ಲಿ. ಆದರೆ ಬೇರೆಯವರು ಬಿಸಾಡಿದ ರಾಶಿಯಿಂದ ತಂದದ್ದನ್ನು ಶುದ್ಧಿ ಮಾಡದೆ ಧರಿಸಬಾರದು. ಒಡಕು ಕಲ್ಲನ್ನಂತೂ ಮುಟ್ಟಲೇಬೇಡಿ.

ಲೆಕ್ಕದ ಮೇಷ್ಟ್ರು
ವಜ್ರ ಕೊಳ್ಳಲಾಗದವರು ಎಂದಿರಿ. ಕೂಬರ್ ಪೀಡಿಯಲ್ಲಿ 2003ರಲ್ಲಿ ಸಿಕ್ಕ ವರ್ಜಿನ್ ರೇನ್‌ಬೋ ಎಂಬ ಓಪಲ್‌ನ ಅಂದಾಜು ಬೆಲೆ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು. ಶುಕ್ರನಿಗೂ ಅದು ಕೈಗೆಟುಕುವುದಿಲ್ಲ.

ಶುಕ್ರದೆಸೆ
ನಂಬದವರು ಓದದೆ ಮುಂದೆ ಹೋಗಬಹುದು. ಕೇಳಿದವರಿಗೆ ಹೇಳಿದ್ದೇನೆ.

ಪರ್ತ್ ಪದ್ಮಿನಿ
ಯಾರೂ ಕೇಳಿರಲಿಲ್ಲ ಅನ್ನಿಸುತ್ತದೆ. ಇರಲಿ.

ಬಳ್ಳಾರಿ ಬಿಸಿಲು
ನಮ್ಮ ಕಡೆಯ ಸುದ್ದಿ ಹೇಳದೆ ಇರಲಾರೆ. ಮುಂಗಾರಿನ ಮೊದಲ ಮಳೆ ಬಿದ್ದರೆ ಸಾಕು, ಗಡಿಯಾಚೆ ಕರ್ನೂಲು ಜಿಲ್ಲೆಯ ಜೊನ್ನಗಿರಿ, ತುಗ್ಗಲಿ, ಅನಂತಪುರದ ವಜ್ರಕರೂರು ಹೊಲಗಳಲ್ಲಿ ಜನಜಾತ್ರೆ. ಬಳ್ಳಾರಿಯಿಂದ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತಾರೆ. ಮಳೆ ಮೇಲಿನ ಮಣ್ಣು ತೊಳೆದಾಗ ವಜ್ರದ ಹರಳು ಕಣ್ಣಿಗೆ ಬೀಳುತ್ತದೆ ಎಂಬ ಆಸೆ. ಆಸೆಯಷ್ಟೇ ಅಲ್ಲ, ಪ್ರತಿ ವರ್ಷ ಯಾರಿಗಾದರೂ ಸಿಕ್ಕ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ವಜ್ರಕರೂರಿನ ನೆಲದಲ್ಲಿ ವಜ್ರವನ್ನು ಆಳದಿಂದ ಮೇಲೆ ತರುವ ಕಿಂಬರ್ಲೈಟ್ ಎಂಬ ಶಿಲೆಯ ಕೊಳವೆಗಳಿರುವುದನ್ನು ಭೂವಿಜ್ಞಾನಿಗಳೇ ಗುರುತಿಸಿದ್ದಾರೆ.

ನಮ್ಮ ಚಿಕ್ಕಪ್ಪ ಪ್ರತಿ ಜೂನಿಗೂ ಹೋಗುತ್ತಿದ್ದರು. ಸಿಕ್ಕಿದ್ದು ಏನೂ ಇಲ್ಲ. ಚಿಕ್ಕಮ್ಮ ಬೈಯುತ್ತಿದ್ದರು, ಆದರೆ ಬುತ್ತಿ ಕಟ್ಟುವುದನ್ನು ನಿಲ್ಲಿಸಲಿಲ್ಲ. ಹೊಲದಲ್ಲಿ ಬಗ್ಗಿ ನಡೆಯುವ ನೂರಾರು ಬೆನ್ನುಗಳು, ಹೊಲದವರ ಬೈಗುಳ, ಚಹಾ ಮಾರುವವರು, ಸಂಜೆಗೆ ಬರುವ ದಲ್ಲಾಳಿಗಳು. ನಿಶ್ಶಬ್ದ ಎಂಬುದು ಅಲ್ಲಿ ಇಲ್ಲವೇ ಇಲ್ಲ. ಈ ಕೂಬರ್ ಪೀಡಿಯಲ್ಲೂ ಮಳೆಯ ನಂತರ ಹೀಗೆಯೇ ಹುಡುಕುತ್ತಾರೆಯೇ?

ಉತ್ತರದ ದಾರಿ
ಹೌದು, ಮಳೆ ಬಂದ ಮರುದಿನವೇ ಒಳ್ಳೆಯ ದಿನ. ಧೂಳು ತೊಳೆದು ಕಲ್ಲು ತಾನಾಗಿ ಕಣ್ಣು ಬಿಡುತ್ತದೆ. ಆದರೆ ವರ್ಷದ ಮಳೆಯೇ 150 ಮಿಲಿಮೀಟರ್ ಆಸುಪಾಸು. ಮಳೆ ಕಾಯುತ್ತ ಕುಳಿತರೆ ಮಾವನವರ ವೀಸಾ ಮುಗಿಯುತ್ತದೆ.

ಇನ್ನೊಂದು ಮಾತು. ನಿಶ್ಶಬ್ದದ ಬಗ್ಗೆ ಅತಿಯಾಗಿ ಆಸೆ ಇಟ್ಟುಕೊಳ್ಳಬೇಡಿ. ಗಣಿ ಬಯಲಿನಲ್ಲಿ ಲಾರಿಯ ಮೇಲೆ ದೊಡ್ಡ ಡಬ್ಬಿ ಕೂರಿಸಿದ ಬ್ಲೋವರ್ ಯಂತ್ರವಿರುತ್ತದೆ. ಬಾವಿಯೊಳಗೆ ಕೊಳವೆ ಇಳಿಬಿಟ್ಟು ಮಣ್ಣನ್ನು ಹೀರಿ ಮೇಲೆ ಕಕ್ಕುತ್ತದೆ. ಅದು ನಡೆಯುತ್ತಿದ್ದರೆ ಮಾತು ಕೇಳುವುದಿಲ್ಲ. ಜನರೇಟರುಗಳ ಗುಡುಗು ಬೇರೆ. ಅದು ನಿಂತರೆ ನೊಣ. ಮುಖಕ್ಕೆ ಬಲೆ ಕೊಳ್ಳಿ, ನಗುವವರು ನಗಲಿ.

ಪರ್ತ್ ಪದ್ಮಿನಿ
ಇದನ್ನು ನಾನು ಒಪ್ಪುವುದಿಲ್ಲ. ನಾವು ಹೋದದ್ದು ಭಾನುವಾರ. ಜ್ಯುವೆಲರ್ಸ್ ಶಾಪ್ ಜಾಗದಲ್ಲಿ ನಮ್ಮನ್ನು ಬಿಟ್ಟರೆ ಒಬ್ಬ ಮುದುಕ, ತಗ್ಗಿನಲ್ಲಿ ಕುಳಿತು, ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲು ಉಜ್ಜುತ್ತಿದ್ದ. ಗಾಳಿ ನಿಂತಾಗ ಅವನ ಬ್ರಷ್ಷಿನ ಸದ್ದು ನಮಗೆ ಕೇಳುತ್ತಿತ್ತು. ಮಕ್ಕಳೂ ಮಾತು ನಿಲ್ಲಿಸಿದರು, ಅದು ನಮ್ಮ ಮನೆಯಲ್ಲಿ ಆಗದ ಕೆಲಸ.

ಮೊದಲ ಗಂಟೆ ಏನೂ ಕಾಣಲಿಲ್ಲ. ರಾಶಿಯಲ್ಲಿ ಎಲ್ಲವೂ ಒಂದೇ ಬಣ್ಣ. ಆಮೇಲೆ ಆ ಮುದುಕನೇ ಬಂದು ಹೇಳಿಕೊಟ್ಟ: ಸೂರ್ಯ ಬೆನ್ನಿಗಿರಲಿ, ನಿಂತು ನೋಡಬೇಡಿ, ರಾಶಿಯ ಮೇಲೆ ಅಡ್ಡಡ್ಡ ಮಲಗಿದಷ್ಟು ಬಗ್ಗಿ ನೋಡಿ, ಒಂದೇ ಕಡೆ ಇರಿ. ಅಕ್ಕಿಯಲ್ಲಿ ಕಲ್ಲು ಆರಿಸುವ ಕೈ ಇದ್ದವರಿಗೆ ಇದು ಬೇಗ ಒಗ್ಗುತ್ತದೆ, ಇಲ್ಲಿ ಅಕ್ಕಿಯನ್ನು ಬಿಟ್ಟು ಕಲ್ಲನ್ನು ಇಟ್ಟುಕೊಳ್ಳಬೇಕು ಅಷ್ಟೇ. ನಮ್ಮ ಅತ್ತೆಗೆ ಎಲ್ಲರಿಗಿಂತ ಮೊದಲು ಸಿಕ್ಕಿತು, ಉಗುರಿನಷ್ಟು ಅಗಲ, ಅಂಚಿನಲ್ಲಿ ಹಸಿರು ಗೆರೆ. ಅಂಗಡಿಯವನು ನೋಡಿ "ನೆನಪಿಗೆ ಇಟ್ಟುಕೊಳ್ಳಿ" ಎಂದ. ಬೆಲೆಯಿಲ್ಲ ಎಂಬುದನ್ನು ಅಷ್ಟು ನಯವಾಗಿ ಹೇಳಿದ.

ಲೆಕ್ಕದ ಮೇಷ್ಟ್ರು
ನಾನು ಹೇಳಿದ್ದೂ ಅದನ್ನೇ, ನಯ ಇರಲಿಲ್ಲ ಅಷ್ಟೇ.

ಕೋಲಾರದ ಧೂಳು
ನಮ್ಮ ತಂದೆ ಕೆ.ಜಿ.ಎಫ್. ಗಣಿಯಲ್ಲಿದ್ದರು, 2001ರಲ್ಲಿ ಬಾಗಿಲು ಹಾಕುವವರೆಗೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಇಳಿದಂತೆ ಬಂಡೆ ಕಾಯುತ್ತಿತ್ತು, ತಳದಲ್ಲಿ ಬಂಡೆಯ ತಾಪ 60 ಡಿಗ್ರಿ ದಾಟುತ್ತಿತ್ತು ಎನ್ನುತ್ತಿದ್ದರು. ಕೂಬರ್ ಪೀಡಿಯಲ್ಲಿ ಜನ ತಂಪಿಗಾಗಿ ನೆಲದೊಳಗೆ ಮನೆ ಮಾಡಿಕೊಂಡಿದ್ದಾರೆ ಎಂದು ಕೇಳಿದಾಗ ಅವರು ನಂಬಲೇ ಇಲ್ಲ.

ನನಗೆ ಕುತೂಹಲ ಬೇರೆ. ಒಂದು ದೊಡ್ಡ ಕಂಪನಿ ಬಂದು ಇಡೀ ಬಯಲನ್ನು ಅಗೆದು ಮುಗಿಸಬಹುದಿತ್ತಲ್ಲ, ಏಕೆ ಬಂದಿಲ್ಲ?

ಕಲ್ಲುಮರುಳ
ಒಳ್ಳೆಯ ಪ್ರಶ್ನೆ. ಚಿನ್ನದ ರೀಫ್ ಎಂದರೆ ಒಂದು ಪದರ, ಹಿಂಬಾಲಿಸಬಹುದು, ಟನ್ನಿಗೆ ಎಷ್ಟು ಗ್ರಾಂ ಎಂದು ಲೆಕ್ಕ ಕಟ್ಟಬಹುದು, ಅದನ್ನು ತೋರಿಸಿ ಸಾಲ ಎತ್ತಬಹುದು. ಓಪಲ್ ಹಾಗಲ್ಲ. ಹತ್ತು ಕೋಟಿ ವರ್ಷಗಳಿಗೂ ಹಿಂದೆ ಆಸ್ಟ್ರೇಲಿಯಾದ ಒಳನಾಡನ್ನು ಎರೊಮಾಂಗಾ ಎಂಬ ಸಮುದ್ರ ಆವರಿಸಿತ್ತು. ಅದರ ತಳದ ಕೆಸರು ಜೇಡಿಕಲ್ಲಾಯಿತು. ಸಮುದ್ರ ಹಿಂದೆ ಸರಿದ ಮೇಲೆ ಆ ಕಲ್ಲು ಶಿಥಿಲವಾಗಿ ಸಿಲಿಕಾ ನೀರಿನೊಡನೆ ಇಳಿದು, ಬಿರುಕು ಸಿಕ್ಕಲ್ಲಿ, ಪೊಳ್ಳು ಸಿಕ್ಕಲ್ಲಿ ನಿಂತು ಗಟ್ಟಿಯಾಯಿತು. ಒಂದು ಬಿರುಕಿನಲ್ಲಿ ಲಕ್ಷಾಂತರ ಡಾಲರಿನ ಕಲ್ಲು, ಕೈಯಳತೆಯ ಪಕ್ಕದ ಬಿರುಕಿನಲ್ಲಿ ಬರಿ ಜಿಪ್ಸಮ್. ಇದನ್ನು ಮುಂಚಿತವಾಗಿ ತೋರಿಸುವ ಯಂತ್ರ ಇಲ್ಲ. ಮೇಲಾಗಿ ಕ್ಲೇಮುಗಳು ಪುಟ್ಟವು, 50 ಮೀಟರ್‌ಗೆ 50 ಮೀಟರ್ ಎಂಬಂಥ ತುಂಡುಗಳು. ಹಾಗಾಗಿ ಇದು ಗಂಡ-ಹೆಂಡತಿ, ಅಣ್ಣ-ತಮ್ಮ, ಜಗಳವಾಡದ ಇಬ್ಬರು ಗೆಳೆಯರ ವ್ಯಾಪಾರವಾಗಿಯೇ ಉಳಿದಿದೆ.

ಆ ಊರು ಶುರುವಾದದ್ದೂ ಹಾಗೆಯೇ. 1915ರ ಫೆಬ್ರುವರಿ 1ರಂದು, ಚಿನ್ನ ಹುಡುಕಲು ಬಂದ ತಂಡವೊಂದು ಚಿನ್ನ ಸಿಗದೆ ನೀರಿಗೂ ಪರದಾಡುತ್ತಿದ್ದಾಗ, ಅಪ್ಪನ ಜೊತೆ ಬಂದಿದ್ದ ವಿಲಿ ಹಚಿಸನ್ ಎಂಬ ಹದಿನಾಲ್ಕರ ಹುಡುಗನಿಗೆ ನೆಲದ ಮೇಲೆ ಬಿದ್ದಿದ್ದ ಓಪಲ್ ಕಂಡಿತು. ದೊಡ್ಡವರೆಲ್ಲ ಚಿನ್ನದ ಮೇಲೆ ಕಣ್ಣಿಟ್ಟಿದ್ದರು.

ಕೆಂಡಸಂಪಿಗೆ
"ಕಂಡಿತು" ಎನ್ನುವಾಗ ಸ್ವಲ್ಪ ಯೋಚಿಸಿ. ಆ ಬಯಲಿನಲ್ಲಿ ಸಾವಿರಾರು ವರ್ಷಗಳಿಂದ ಜನರಿದ್ದರು. ಅವರ ಕಣ್ಣಿಗೆ ಬೀಳದೆ ಇತ್ತೇ?

ಉತ್ತರದ ದಾರಿ
ಈ ಮಾತು ಸರಿ. ಆ ನೆಲ ಅಂತಕಿರಿಂಜ ಮಟು-ಯಂಕುಂಜಜಾರ ಜನರದು, 2011ರಲ್ಲಿ ನ್ಯಾಯಾಲಯವೂ ಅವರ ಹಕ್ಕನ್ನು ಮಾನ್ಯ ಮಾಡಿತು. ಊರಿನ ಹೊರಗಿನ ಬ್ರೇಕವೇಸ್ ಗುಡ್ಡಗಳಿಗೆ ಹೋದರೆ, ಅದು ಅವರಿಗೆ ಪವಿತ್ರವಾದ ಜಾಗ, ಅಲ್ಲಿಂದ ಒಂದು ಕಲ್ಲನ್ನೂ ಎತ್ತಬೇಡಿ. ನೋಡಿ, ಸಂಜೆಯವರೆಗೆ ಕುಳಿತಿರಿ, ಬನ್ನಿ.

ಮೈಸೂರು ಮಾಣಿಕ್ಯ
ಇಷ್ಟೆಲ್ಲ ದೂರ ಏಕೆ? ನಮ್ಮ ಮೈಸೂರು, ಚನ್ನಪಟ್ಟಣದ ಕಡೆ ಹೊಲ ಉಳುವಾಗ ಕೆಂಪು ಕುರುಂದದ, ಅಂದರೆ ಮಾಣಿಕ್ಯದ ಜಾತಿಯ, ಕಲ್ಲು ಸಿಗುತ್ತದೆ. ಮಸುಕು ಕಲ್ಲು, ಪಾರದರ್ಶಕವಲ್ಲ, ಆದರೆ ದುಂಡಗೆ ಉಜ್ಜಿ ಬಿಸಿಲಿಗೆ ಹಿಡಿದರೆ ಕೆಲವದರಲ್ಲಿ ಆರು ಕಾಲಿನ ನಕ್ಷತ್ರ ಏಳುತ್ತದೆ. ನಮ್ಮ ಮನೆಯಲ್ಲಿ ಅಂಥದ್ದೊಂದು ತಲೆಬಾಗಿಲಿಗೆ ಅಡ್ಡ ಇಡುವ ಕಲ್ಲಾಗಿತ್ತು, ಸುಳ್ಳಲ್ಲ.

ರತ್ನಪರೀಕ್ಷಕಿ
ಮೈಸೂರಿನ ನಕ್ಷತ್ರ ಮಾಣಿಕ್ಯದ ಬಗ್ಗೆ ಬೇರೆ ಎಳೆ ತೆರೆಯಿರಿ, ಬಂದು ಬರೆಯುತ್ತೇನೆ. ಇಲ್ಲಿ ಓಪಲ್ ಮಾತ್ರ.

ನಾನು ಕಲ್ಲು ಪರೀಕ್ಷಿಸುವ ಕೆಲಸದಲ್ಲಿರುವವಳು. ಹುಡುಕಿದ್ದಕ್ಕಿಂತ, ಹುಡುಕಿ ಸಿಗದೆ ಬೇಸರವಾಗಿ ಹಿಂದಿರುಗುವಾಗ ಕೊಳ್ಳುತ್ತಾರಲ್ಲ, ಅದರಲ್ಲೇ ಜನ ಮೋಸ ಹೋಗುವುದು. ಮೂರು ಬಗೆಯ ಸರಕು ಇರುತ್ತದೆ. ಇಡಿಯಾದ ಕಲ್ಲು ಒಂದು. ತೆಳು ಓಪಲ್ ಹಾಳೆಯನ್ನು ಕಪ್ಪು ತಳಕ್ಕೆ ಅಂಟಿಸಿದ್ದು ಡಬ್ಲೆಟ್. ಅದರ ಮೇಲೆ ಗಾಜಿನದೋ ಸ್ಫಟಿಕದ್ದೋ ಟೊಪ್ಪಿ ಹಾಕಿದ್ದು ಟ್ರಿಪ್ಲೆಟ್. ಮಾರುವುದು ತಪ್ಪಲ್ಲ, ಹೇಳದೆ ಮಾರುವುದು ತಪ್ಪು. ಕಲ್ಲನ್ನು ಪಕ್ಕದಿಂದ ನೋಡಿ, ಅಂಟಿಸಿದ ಗೆರೆ ಚಾಕುವಿನಲ್ಲಿ ಕೊಯ್ದಷ್ಟು ನೇರವಾಗಿ ಕಾಣುತ್ತದೆ. ಉಂಗುರದ ಅಂಚು ಆ ಪಕ್ಕವನ್ನು ಪೂರ್ತಿ ಮುಚ್ಚಿದ್ದರೆ ಕೊಳ್ಳುವ ಮೊದಲು ಕೇಳಿ. ಡಬ್ಲೆಟ್ಟನ್ನು ನೀರಿನಲ್ಲಿ ನೆನೆಸಿಟ್ಟರೆ ಅಂಟು ಬಿಟ್ಟು ಮಂಜು ಕಟ್ಟುತ್ತದೆ.

ಇಥಿಯೋಪಿಯಾದ ವೆಲೊ ಓಪಲ್ ಬೇರೆಯೇ ಜಾತಿ. 2008ರ ನಂತರ ಮಾರುಕಟ್ಟೆ ತುಂಬಿತು, ಬಹಳಷ್ಟು ಜೈಪುರದಲ್ಲಿ ಸಾಣೆ ಹಿಡಿಸಿಕೊಳ್ಳುತ್ತದೆ. ಅದು ನೀರು ಕುಡಿಯುತ್ತದೆ. ಒದ್ದೆಯಾದರೆ ಪಾರದರ್ಶಕವಾಗಿ ಬಣ್ಣ ಮಾಯವಾಗುವುದೂ ಉಂಟು, ಒಣಗಿದ ಮೇಲೆ ಮರಳುತ್ತದೆ. ಎಣ್ಣೆ, ಸಾಬೂನು, ಅರಿಶಿನ ಎಲ್ಲವನ್ನೂ ಕುಡಿಯುತ್ತದೆ. ನಮ್ಮ ಹೆಂಗಸರು ಕೈಯ ಉಂಗುರ ತೆಗೆಯದೆ ಹಿಟ್ಟು ನಾದುತ್ತಾರೆ, ಆಮೇಲೆ ಕಲ್ಲು ಹಳದಿಯಾಯಿತು ಎಂದು ನನ್ನ ಹತ್ತಿರ ಬರುತ್ತಾರೆ.

ಓಪಲ್ಲನ್ನು ಎಣ್ಣೆಯಲ್ಲಿಡಬೇಕು, ನೀರಿನಲ್ಲಿಡಬೇಕು ಎಂಬುದು ಆಸ್ಟ್ರೇಲಿಯಾದ ಇಡಿ ಕಲ್ಲಿಗೆ ಅನ್ವಯಿಸುವುದಿಲ್ಲ. ಸುಮ್ಮನೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಡಿ.

ಶುಕ್ರದೆಸೆ
ಹಾಗಾದರೆ ಇಥಿಯೋಪಿಯಾದ್ದಕ್ಕೆ ಪಂಚಾಮೃತ ಶುದ್ಧಿ ಮಾಡಬಾರದೇ?

ರತ್ನಪರೀಕ್ಷಕಿ
ಮಾಡಬಾರದು. ಹಾಲು, ತುಪ್ಪ, ಜೇನು ಒಳಗೆ ಹೋದರೆ ಹೊರಗೆ ತರುವವರಿಲ್ಲ. ಬಟ್ಟೆಯಲ್ಲಿ ಸುತ್ತಿ ದೇವರ ಮುಂದಿಡಿ, ಸಾಕು.

ಶುಕ್ರದೆಸೆ
ಇದು ಉಪಯುಕ್ತ ಮಾಹಿತಿ. ಧನ್ಯವಾದ.

ಅಡಿಲೇಡಿನ ಅಳಿಯ
ರಾತ್ರಿ ನೇರಳಾತೀತ ಟಾರ್ಚು ಹಿಡಿದು ಹುಡುಕಿದರೆ ಓಪಲ್ ತಾನಾಗಿ ಹೊಳೆಯುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು. ನಿಜವೇ? ಮಗಳು ಈಗಾಗಲೇ ಟಾರ್ಚು ತರಿಸಿಕೊಂಡಿದ್ದಾಳೆ.

ಕಲ್ಲುಮರುಳ
ಹೊಳೆಯುವುದು ನಿಜ. ಅಲ್ಲಿಯ ನೂಡ್ಲಿಂಗ್ ಯಂತ್ರಗಳು ನಡೆಯುವುದೇ ಹಾಗೆ: ಮಣ್ಣು ಪಟ್ಟಿಯ ಮೇಲೆ ಹರಿಯುತ್ತ ಕತ್ತಲ ಗೂಡಿನೊಳಗೆ ಹೋಗುತ್ತದೆ, ಒಳಗೆ ಕುಳಿತವರು ನೇರಳಾತೀತ ದೀಪದಲ್ಲಿ ಬೆಳ್ಳಗೆ ಹೊಳೆದದ್ದನ್ನು ಹೆಕ್ಕುತ್ತಾರೆ. ಪಾಚ್ ಸಹ ಹೊಳೆಯಬಹುದು, ಅದು ಬೇರೆ ಮಾತು.

ಉತ್ತರದ ದಾರಿ
ದಯವಿಟ್ಟು ರಾತ್ರಿ ಗಣಿ ಬಯಲಿಗೆ ಹೋಗಬೇಡಿ. ಬಾವಿಗಳ ಮಾತು ಒಂದು. ಇನ್ನೊಂದು, ರಾತ್ರಿ ಬೇರೆಯವರ ಕ್ಲೇಮಿಗೆ ಇಳಿದು ಓಪಲ್ ಕದಿಯುವವರನ್ನು ಅಲ್ಲಿ ರ್‍ಯಾಟರ್ ಎನ್ನುತ್ತಾರೆ. ಆ ಊರಿನಲ್ಲಿ ಅದಕ್ಕಿಂತ ಹೀನವಾದ ಹೆಸರಿಲ್ಲ. ಕತ್ತಲಲ್ಲಿ ಟಾರ್ಚು ಹಿಡಿದು ಓಡಾಡುವ ಅಪರಿಚಿತರನ್ನು ಕಂಡರೆ, ನೀವು ದಾವಣಗೆರೆಯ ನಿವೃತ್ತ ಅಧ್ಯಾಪಕರ ಅಳಿಯ ಎಂದು ವಿವರಿಸಲು ಯಾರೂ ಸಮಯ ಕೊಡುವುದಿಲ್ಲ.

ಮತ್ತೆ, ಆ ಟಾರ್ಚಿನಲ್ಲಿ ಹಸಿರು-ನೀಲಿಯಾಗಿ ಬಲು ಚೆನ್ನಾಗಿ ಹೊಳೆಯುವುದು ಚೇಳು.

ಪರ್ತ್ ಪದ್ಮಿನಿ
ಮಗಳಿಗೆ ಟಾರ್ಚನ್ನು ಹಗಲಲ್ಲೇ ಬಳಸಲು ಹೇಳಿ. ಹೆಕ್ಕಿದ ಕಲ್ಲುಗಳನ್ನು ತಂಗುವ ಕೋಣೆಗೆ ತಂದು ದೀಪ ಆರಿಸಿ ನೋಡಬಹುದು. ನೆಲದೊಳಗಿನ ಕೋಣೆಗೆ ಕಿಟಕಿಯೇ ಇರುವುದಿಲ್ಲ, ಹಗಲೂ ಕಾರ್ಗತ್ತಲು. ವರ್ಷವಿಡೀ 23-25 ಡಿಗ್ರಿ, ಹೊರಗೆ ಬೇಸಿಗೆಯಲ್ಲಿ 45 ದಾಟಲಿ, ಒಳಗೆ ಗೊತ್ತಾಗುವುದಿಲ್ಲ.

ಕೋಲಾರದ ಧೂಳು
ನೆಲದೊಳಗಿನ ಮನೆ ಎಂದರೆ ಉಸಿರು ಕಟ್ಟುವುದಿಲ್ಲವೇ? ಬಾಡಿಗೆಗೆ ಕೊಡುತ್ತಾರೆಯೇ?

ಪರ್ತ್ ಪದ್ಮಿನಿ
ಗುಡ್ಡದ ಪಕ್ಕದಿಂದ ಅಡ್ಡಕ್ಕೆ ಕೊರೆದ ಮನೆಗಳು, ಮೇಲಕ್ಕೆ ಗಾಳಿಗೊಳವೆ ಇರುತ್ತದೆ. ಹೋಟೆಲು, ಪುಸ್ತಕದಂಗಡಿ, ಚರ್ಚು ಎಲ್ಲವೂ ಒಳಗೆ. ಸರ್ಬಿಯನ್ನರ ಚರ್ಚಿನ ಛಾವಣಿ ನೋಡದೆ ಬರಬೇಡಿ, ಯಂತ್ರದ ಹಲ್ಲಿನ ವೃತ್ತಗಳು ಗೋಡೆಯಲ್ಲಿ ಹಾಗೆಯೇ ಉಳಿದಿವೆ. ಕೋಣೆಯಲ್ಲಿ ದೀಪ ಆರಿಸಿದ ಮೇಲೆ ನಮ್ಮವರ ಗೊರಕೆಗೆ ಇಷ್ಟು ದನಿಯಿದೆ ಎಂದು ನನಗೆ ಮೊದಲ ಬಾರಿಗೆ ತಿಳಿಯಿತು.

ಕೆಂಡಸಂಪಿಗೆ
ಹಾಗಾದರೆ ಮಾವನವರಿಗೆ ಬೇಕಾದ ನಿಶ್ಶಬ್ದ ಕೋಣೆಯಲ್ಲೂ ಇಲ್ಲ.

ಕಲ್ಲುಮರುಳ
ಒಂದು ಎಚ್ಚರಿಕೆ ಬಿಟ್ಟುಹೋಗಿತ್ತು. ಸಮುದ್ರದ ಚಿಪ್ಪು, ಮೂಳೆ, ಬೆಲೆಮ್ನೈಟ್ ಎಂಬ ಕಣೆ ಆಕಾರದ ಜೀವಿಯ ಅವಶೇಷ, ಇವು ಓಪಲ್ಲಾಗಿ ಬದಲಾದದ್ದು ಅಲ್ಲಿ ಸಿಗುತ್ತವೆ. ಮೇಷ್ಟ್ರು ಹೇಳಿದ ವರ್ಜಿನ್ ರೇನ್‌ಬೋ ಕೂಡ ಅಂಥ ಬೆಲೆಮ್ನೈಟೇ. 1987ರಲ್ಲಿ ಸಿಕ್ಕ ಸಮುದ್ರ ಸರೀಸೃಪದ ಓಪಲ್ ಅಸ್ಥಿಪಂಜರಕ್ಕೆ ಎರಿಕ್ ಎಂದು ಹೆಸರಿಟ್ಟು, ಸಾರ್ವಜನಿಕರು ಚಂದಾ ಎತ್ತಿ ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಮ್ಮಿಗೆ ಉಳಿಸಿಕೊಟ್ಟರು. ಇಂಥ ಪಳೆಯುಳಿಕೆಗಳನ್ನು ದೇಶದಿಂದ ಹೊರಗೆ ಒಯ್ಯಲು 1986ರ ಸಾಂಸ್ಕೃತಿಕ ಪರಂಪರೆ ಕಾಯ್ದೆಯಡಿ ಅನುಮತಿ ಬೇಕಾಗುತ್ತದೆ. ಮಾವನವರಿಗೆ ಚಿಪ್ಪಿನ ಆಕಾರದ ಕಲ್ಲು ಸಿಕ್ಕರೆ ಸೂಟ್‌ಕೇಸಿಗೆ ಹಾಕುವ ಮೊದಲು ಅಡಿಲೇಡಿನ ಮ್ಯೂಸಿಯಮ್ಮಿನಲ್ಲಿ ತೋರಿಸಿ.

ಬಳ್ಳಾರಿ ಬಿಸಿಲು
ಚಿಕ್ಕಪ್ಪನಿಗೆ ಈ ಎಳೆ ಓದಿ ಹೇಳಿದೆ. "ಅಲ್ಲಿ ಹೊಲದವರು ಬೈಯುವುದಿಲ್ಲವೇ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದರೆ ಅದೇನು ಮಜಾ" ಎಂದರು.

ಲೆಕ್ಕದ ಮೇಷ್ಟ್ರು
ಸರಿ, ಹೋಗುವುದೇ ಆದರೆ ದಾರಿಯ ಲೆಕ್ಕವನ್ನಾದರೂ ಸರಿಯಾಗಿ ಹಾಕಿಕೊಳ್ಳಿ. ಗ್ಲೆಂಡಾಂಬೊ ದಾಟಿದರೆ ಕೂಬರ್ ಪೀಡಿಯವರೆಗೆ ಸುಮಾರು 250 ಕಿ.ಮೀ. ಪೆಟ್ರೋಲ್ ಬಂಕ್ ಇಲ್ಲ. ಗ್ಲೆಂಡಾಂಬೊದಲ್ಲೇ ಟ್ಯಾಂಕು ತುಂಬಿಸಿ, ಅರ್ಧ ಇದೆ ಎಂದು ಧೈರ್ಯ ಮಾಡಬೇಡಿ. ಸಂಜೆ ಮೇಲೆ ಓಡಿಸಬೇಡಿ, ಕಾಂಗರೂ ರಸ್ತೆಗೆ ಬರುತ್ತವೆ. ಪೋರ್ಟ್ ಅಗಸ್ಟಾದಲ್ಲಿ ಒಂದು ರಾತ್ರಿ ತಂಗಿ, ಮರುದಿನ ಬೆಳಕಿರುವಾಗಲೇ ಉಳಿದ 540 ಮುಗಿಸಿ.

ಅಡಿಲೇಡಿನ ಅಳಿಯ
ಮೇಷ್ಟ್ರೇ, ನೀವು ಹೋಗಿದ್ದೀರಾ?

ಲೆಕ್ಕದ ಮೇಷ್ಟ್ರು
ಹೋಗಿದ್ದೇನೆ. ಉಂಗುರ ಅಡಿಲೇಡಿನಲ್ಲೇ ಕೊಂಡೆ.

ಉತ್ತರದ ದಾರಿ
ದಾರಿಯ ಬಗ್ಗೆ ಇನ್ನಷ್ಟು. ಹೆದ್ದಾರಿಯ ಎರಡೂ ಬದಿಗೆ ವೂಮೆರಾ ನಿಷೇಧಿತ ಪ್ರದೇಶದ ಫಲಕಗಳು ಬರುತ್ತವೆ, ಅದು ಸೇನೆಯ ಪರೀಕ್ಷಾ ವಲಯ. ಅಲ್ಲಿ ಕಲ್ಲು ಚೆನ್ನಾಗಿ ಕಂಡಿತೆಂದು ರಸ್ತೆ ಬಿಟ್ಟು ಒಳಗೆ ಇಳಿಯಬೇಡಿ. ಮೊಬೈಲ್ ಸಂಪರ್ಕ ಊರಿಂದ ಊರಿಗೆ ಮಾತ್ರ ಎಂದುಕೊಳ್ಳಿ. ಜುಲೈಯಲ್ಲಿ ಹಗಲು ಹಿತವಾಗಿರುತ್ತದೆ, ರಾತ್ರಿ ತಾಪ ಒಂದಂಕಿಗೆ ಇಳಿಯುತ್ತದೆ, ಹಿರಿಯರಿಗೆ ಸ್ವೆಟರ್ ಇರಲಿ. ಕುಡಿಯುವ ನೀರು ಕಾರಿನಲ್ಲಿ ಬೇಕೆನಿಸಿದ್ದಕ್ಕಿಂತ ಹೆಚ್ಚು ಇರಲಿ. ಮಂಡಿಗೆ ಕಟ್ಟಿಕೊಳ್ಳುವ ಮೆತ್ತೆ ಅಥವಾ ಹಳೆಯ ದಿಂಬು ತನ್ನಿ, ಅಲ್ಲಿಯ ಕಲ್ಲುಚೂರು ಚುಚ್ಚುತ್ತದೆ. ಮಾವನವರಿಗೆ ಮಡಚುವ ಪುಟ್ಟ ಸ್ಟೂಲು.

ಮೈಸೂರು ಮಾಣಿಕ್ಯ
ಸಸ್ಯಾಹಾರಿಗಳಿಗೆ ಊಟ?

ಪರ್ತ್ ಪದ್ಮಿನಿ
ಪಿಜ್ಜಾ ಸಿಗುತ್ತದೆ. ಗ್ರೀಕರು ಬಹಳ ಜನ ನೆಲೆಸಿದ ಊರು, ಅವರ ಅಡುಗೆಯಲ್ಲೂ ನಿಮಗೆ ಆಗುವುದು ಇರುತ್ತದೆ. ನಾವಂತೂ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಪುಟ್ಟ ಕುಕ್ಕರ್ ಒಯ್ದಿದ್ದೆವು.

ಅಡಿಲೇಡಿನ ಅಳಿಯ
ಎಲ್ಲರಿಗೂ ವಂದನೆ. ನಿರ್ಧಾರವಾಯಿತು: ಜ್ಯುವೆಲರ್ಸ್ ಶಾಪ್ ಜಾಗ ಮಾತ್ರ, ಹಗಲು ಮಾತ್ರ, ಭಾನುವಾರ ಸೇರುವಂತೆ. ಹೆಂಡತಿ ಕೊನೆಗೆ ಒಪ್ಪಿದ್ದಾಳೆ, ನೆಲದೊಳಗಿನ ಹೋಟೆಲಿನ ಚಿತ್ರ ನೋಡಿದ ಮೇಲೆ. ಮಾವನವರು ಹಳೆಯ ಹಲ್ಲುಜ್ಜುವ ಬ್ರಷ್ಷುಗಳನ್ನು ಎತ್ತಿಟ್ಟುಕೊಳ್ಳುತ್ತಿದ್ದಾರೆ. ಏನಾದರೂ ಸಿಕ್ಕರೆ ಚಿತ್ರ ಹಾಕುತ್ತೇನೆ.

ರತ್ನಪರೀಕ್ಷಕಿ
ಒದ್ದೆ ಕಲ್ಲಿನ ಚಿತ್ರ ಮಾತ್ರ ಹಾಕಬೇಡಿ. ಒದ್ದೆಯಲ್ಲಿ ಎಲ್ಲವೂ ಓಪಲ್ಲಿನಂತೆಯೇ ಕಾಣುತ್ತದೆ. ಒಣಗಿಸಿ, ನೆರಳಿನಲ್ಲಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು, ಎರಡು ಕೋನಗಳಿಂದ ತೆಗೆಯಿರಿ. ಆಗ ಹೇಳುತ್ತೇನೆ.